ಎಂಟನೆಯ ಅಕ್ಷರದ ಆಚೆ

ಪೀಣ್ಯದ ಆ ಕಾರ್ಖಾನೆಯ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನ ಕೈಗೆ ಬಂದು ಹದಿಮೂರು ವರ್ಷವಾಗಿತ್ತು. ಪಂಪುಗಳೊಳಗೆ ತಿರುಗುವ ಉಕ್ಕಿನ ದಂಡ, ಅಂದರೆ ಶಾಫ್ಟ್, ತಯಾರಿಸುವ, ನಲವತ್ತು ಜನರ ಸಣ್ಣ ಕಾರ್ಖಾನೆ. ನಾನಿರುವುದು ಹೂಡಿಯಲ್ಲಿ. ಊರಿನ ಈ ತುದಿಯಿಂದ ಆ ತುದಿಗೆ, ಮೆಟ್ರೊ ಬಂದ ಮೇಲೂ, ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತಿ, ಪೀಣ್ಯ ತಲುಪುವ ಹೊತ್ತಿಗೆ ಒಂದೂವರೆ ಗಂಟೆ. ತಿಂಗಳಿಗೊಮ್ಮೆ ಹೋದರೆ ಸಾಕಾಗುತ್ತಿತ್ತು. ಮಿಕ್ಕ ದಿನ ಫೋನಿನಲ್ಲೇ ಬೈದು ಸರಿ ಮಾಡುತ್ತಿದ್ದೆ. ಬೈಯುವುದು ಎಂದರೆ ನಿಜವಾಗಿಯೂ ಬೈಯುವುದೇ. "ನಾನೇನೂ ಮಾಡ್ಲಿಲ್ಲ ಸಾರ್, ಅದೇ ಆಗೋಯ್ತು" ಎಂಬ ಮಾತನ್ನು ಇಪ್ಪತ್ತು ವರ್ಷ ಕೇಳಿದ ಯಾರ ನಾಲಿಗೆಯಾದರೂ ಕಹಿಯಾಗುತ್ತದೆ. ಕಂಪ್ಯೂಟರ್ ತಾನಾಗಿ ಏನೂ ಮಾಡುವುದಿಲ್ಲ, ಯಾರೋ ಏನೋ ಮಾಡಿಯೇ ಇರುತ್ತಾರೆ ಎಂಬುದು ನನ್ನ ನಂಬಿಕೆಯಾಗಿತ್ತು. ಈಗಲೂ ಅದೇ ನಂಬಿಕೆ. ಆ ಯಾರೋ ಯಾರು ಎಂಬುದರಲ್ಲಿ ಮಾತ್ರ ಸ್ವಲ್ಪ ತಿದ್ದುಪಡಿಯಾಗಿದೆ.

ಸರ್ವರ್ ಇದ್ದದ್ದು ಸ್ಟೋರ್ ರೂಮಿನ ಪಕ್ಕ ಪ್ಲೈವುಡ್ ಹೊಡೆದು ಮಾಡಿದ ಒಂದು ಗೂಡಿನಲ್ಲಿ. ಆಚೆ ಕಡೆ ಕಂಪ್ರೆಸರ್ ದಿನವಿಡೀ ಬಡಿದುಕೊಳ್ಳುತ್ತಿತ್ತು. ಪ್ರತಿ ಆಯುಧಪೂಜೆಗೆ ಲೇತ್ ಯಂತ್ರಗಳಿಗೆ ಹಚ್ಚಿದಂತೆ ಸರ್ವರ್‌ಗೂ ವಿಭೂತಿ, ಕುಂಕುಮ ಹಚ್ಚಿ ಅಕ್ಷತೆ ಹಾಕುತ್ತಿದ್ದರು. ಗಾಳಿಯಾಡುವ ತೂತುಗಳಲ್ಲಿ ಅರಿಶಿನದ ಅಕ್ಕಿಕಾಳು ಸಿಕ್ಕಿಕೊಂಡಿರುತ್ತಿದ್ದವು. ಅವನ್ನು ಇಕ್ಕುಳದಲ್ಲಿ ಕೀಳುವುದು ದಸರಾ ಮುಗಿದ ಮೇಲಿನ ನನ್ನ ವಾರ್ಷಿಕ ಸೇವೆ. ಗೂಡಿನ ಬಾಗಿಲಿಗೆ ಒಂದು ದಪ್ಪ ಪುಸ್ತಕವನ್ನು ದಾರದಲ್ಲಿ ಕಟ್ಟಿಟ್ಟಿದ್ದೆ. ಯಾರಿಗೆ ಏನು ತೊಂದರೆಯಾದರೂ ಅದರಲ್ಲಿ ಬರೆಯಬೇಕು, ನಾನು ಬಂದಾಗ ಎದುರಿಗೆ ಕೆಂಪು ಶಾಯಿಯಲ್ಲಿ ಉತ್ತರ ಬರೆಯುತ್ತಿದ್ದೆ. ನನ್ನ ಉತ್ತರಗಳಲ್ಲಿ ಮುಕ್ಕಾಲು ಪಾಲು ಎರಡೇ ಪದಗಳದ್ದು: ಬಳಕೆದಾರರ ತಪ್ಪು.

ಆಯುಧಪೂಜೆಯ ದಿನ ಪಾಸ್‌ವರ್ಡ್ ಬದಲಿಸುವ ಪದ್ಧತಿಯನ್ನು ಶುರುಮಾಡಿದವನೂ ನಾನೇ. ಮೊದಮೊದಲು ಎಲ್ಲರೂ ಪಾಸ್‌ವರ್ಡ್ ಮರೆಯುವವರೇ. ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುವವರು, ಅಂಗೈ ಮೇಲೆ ಬರೆದುಕೊಳ್ಳುವವರು. ಮಾಲೀಕರು ಒಂದು ಉಪಾಯ ಕೇಳಿದರು. ಅವರು ಹಣೆ ತುಂಬ ವಿಭೂತಿಯ, ಯಂತ್ರಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ನಾನು ಹೇಳಿದೆ: ಎಲ್ಲರ ಪಾಸ್‌ವರ್ಡೂ ಇಂಗ್ಲಿಷ್ ಅಕ್ಷರಗಳಲ್ಲಿ ಚಾಮುಂಡಿ ಎಂದು ಶುರುವಾಗಲಿ, ಅದರ ಹಿಂದೆ ಅವರವರ ಗುಟ್ಟು ಸೇರಿಸಿಕೊಳ್ಳಲಿ. ವರ್ಷಕ್ಕೊಮ್ಮೆ, ಕುಂಬಳಕಾಯಿ ಒಡೆದ ಮೇಲೆ, ಒಬ್ಬೊಬ್ಬರೇ ಬಂದು ಆ ಹಿಂದಿನ ಭಾಗ ಬದಲಿಸಲಿ. "ಮುಂದಿನ ಭಾಗ ತಾಯಿದು, ಹಿಂದಿನ ಭಾಗ ನಿಮ್ದು" ಎಂದು ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡಿದೆ. ಮಾಲೀಕರಿಗೆ ಎಷ್ಟು ಸಂತೋಷವಾಯಿತೆಂದರೆ ನನಗೊಂದು ಡಬ್ಬಿ ಹೆಚ್ಚಿಗೆ ಸಿಹಿ ಕೊಟ್ಟು ಕಳಿಸಿದರು. ಅಂದಿನಿಂದ ಕೈಯಲ್ಲಿ ಪ್ರಸಾದದ ಪೊಟ್ಟಣ ಹಿಡಿದುಕೊಂಡೇ ಜನ ಸಾಲಿನಲ್ಲಿ ಬಂದು ಮಗಳ ಹೆಸರು, ಬೈಕಿನ ನಂಬರು, ಊರಿನ ಹೆಸರು ಸೇರಿಸಿ ಹೋಗುತ್ತಿದ್ದರು. ನಾನು ಮುಖ ಆಚೆ ತಿರುಗಿಸಿ ನಿಂತಿರುತ್ತಿದ್ದೆ. ಗುಟ್ಟು ಗುಟ್ಟಾಗಿಯೇ ಇರಬೇಕಲ್ಲ.

ಈಗ ಒಬ್ಬ ಹೆಂಗಸಿನ ವಿಷಯ ಹೇಳಬೇಕು. ಸರ್ವರ್ ಬಂದ ವರ್ಷವೇ ಕೆಲಸಕ್ಕೆ ಸೇರಿದವರು, ಗದಗಿನ ಕಡೆಯವರು, ಲಗ್ಗೆರೆಯಲ್ಲಿ ಬಾಡಿಗೆ ಮನೆ. ತಯಾರಾದ ಶಾಫ್ಟನ್ನು ಕೊನೆಯ ಸಲ ಪರೀಕ್ಷಿಸಿ ಸರ್ವರ್‌ನಲ್ಲಿ ಒಪ್ಪಿಗೆ ಕೊಡುವುದು ಅವರ ಕೆಲಸ. ಈ ಗುಣಮಟ್ಟದ ಪರೀಕ್ಷೆಗೆ ಅಲ್ಲಿ ಕ್ಯೂಸಿ ಎನ್ನುವುದರಿಂದ ಎಲ್ಲರೂ ಅವರನ್ನು ಕ್ಯೂಸಿ ಅಕ್ಕ ಅಂತಲೇ ಕರೆಯುತ್ತಿದ್ದರು. ಅವರ ಮೇಜಿನ ಮೇಲೆ ದಪ್ಪ ಅಳೆಯುವ, ಕುದುರೆಲಾಳದಂಥ ಗೇಜ್‌ಗಳ ಸಾಲು ಇರುತ್ತಿತ್ತು. ಅದರ ಒಂದು ಬದಿಗೆ ಗೋ ಎನ್ನುತ್ತಾರೆ, ಅದು ಶಾಫ್ಟಿನ ಮೇಲೆ ಸಲೀಸಾಗಿ ಜಾರಬೇಕು. ಇನ್ನೊಂದು ಬದಿ ನೋ-ಗೋ, ಅದು ತಡೆದು ನಿಲ್ಲಬೇಕು, ಜಾರಿದರೆ ಶಾಫ್ಟ್ ಅಳತೆಗಿಂತ ಸಣ್ಣದು. ಜಾರುವುದನ್ನು ಮಾತ್ರ ನೋಡಿ ಬಿಟ್ಟುಬಿಡುವವರು ಬೇಕಾದಷ್ಟು ಜನ. ಇವರು ಎರಡೂ ಬದಿ ನೋಡದೆ ಒಂದು ಶಾಫ್ಟನ್ನೂ ಮುಂದಕ್ಕೆ ಬಿಟ್ಟವರಲ್ಲ.

ಹೋದ ವರ್ಷ ಒಂದು ಲಾಟಿನ ಅಷ್ಟೂ ಶಾಫ್ಟ್ ಗಡಸುತನ ಸಾಲದು ಎಂದು ಗಿರಾಕಿಯಿಂದ ವಾಪಸ್ ಬಂತು. ಸರ್ವರ್ ತೆಗೆದು ನೋಡಿದರೆ ಒಪ್ಪಿಗೆ ಕ್ಯೂಸಿ ಅಕ್ಕನ ಹೆಸರಿನಲ್ಲಿತ್ತು. ಮಧ್ಯಾಹ್ನ ಒಂದು ಗಂಟೆ ದಾಟಿದ ಸಮಯ. "ನಾ ಒಪ್ಪಿಗಿ ಕೊಟ್ಟಿಲ್ರಿ. ಆ ಹೊತ್ನ್ಯಾಗ ನಾ ಊಟಕ್ಕ ಕುಂತಿದ್ದೆ. ಆ ಲಾಟ್ ನನ್ನ ಕೈಗೇ ಬಂದಿಲ್ಲ" ಎಂದರು ಅವರು. ಜೊತೆಗೆ ಊಟಕ್ಕೆ ಕೂತವರು ಯಾರೂ ಬಾಯಿ ಬಿಡಲಿಲ್ಲ. ಮಾಲೀಕರು ನನ್ನನ್ನು ಕರೆಸಿ ಕೇಳಿದರು: "ಇವ್ರ ಹೆಸ್ರಲ್ಲಿ ಬೇರೆಯವ್ರು ಒಳಗೆ ಹೋಗಿರ್ಬೋದಾ?"

ನನಗೆ ಅದೇ ಹಳೆಯ ರಾಗ ಕೇಳಿಸಿತು. ನಾನೇನೂ ಮಾಡ್ಲಿಲ್ಲ, ಅದೇ ಆಯ್ತು. ಕ್ಯೂಸಿ ಅಕ್ಕನನ್ನು ಎದುರಿಗೆ ನಿಲ್ಲಿಸಿಕೊಂಡು, "ನಿಮ್ಮ ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದೀರಾ?" ಎಂದೆ. ಇಲ್ಲ ಎಂದರು. "ಎಲ್ಲಾದ್ರೂ ಬರೆದಿಟ್ಟಿದೀರಾ?" ಅದೂ ಇಲ್ಲ. "ಹಾಗಾದ್ರೆ ಮುಗೀತಲ್ಲ" ಎಂದೆ. ಕಾಗದದ ಮೇಲೆ ಹೀಗೆ ಬರೆದುಕೊಟ್ಟೆ: ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿರುವುದರಿಂದ ಈ ಒಪ್ಪಿಗೆಯನ್ನು ಬೇರೆ ಯಾರೂ ಕೊಟ್ಟಿರಲು ಸಾಧ್ಯವಿಲ್ಲ. ನನಗೆ ಆ ವಾಕ್ಯದ ಬಗ್ಗೆ ಹೆಮ್ಮೆಯೂ ಇತ್ತು, ಸುಳ್ಳು ಹೇಳುವುದೇಕೆ. ಅದನ್ನು ನೋಟೀಸ್ ಬೋರ್ಡಿಗೆ ಹಚ್ಚಿದರು. ಕ್ಯೂಸಿ ಅಕ್ಕನನ್ನು ಪರೀಕ್ಷೆಯ ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದರು. ಅವರ ಖಾತೆಯಿಂದ ಒಪ್ಪಿಗೆ ಕೊಡುವ ಅಧಿಕಾರವನ್ನು ಕಿತ್ತುಹಾಕಿದ್ದೂ ನಾನೇ. ಅವರು ಕೆಲಸ ಬಿಡಲಿಲ್ಲ. ಎದ್ದು ಹೋದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಯಾರ ಬಳಿಯೋ ಹೇಳಿದರಂತೆ. ಹತ್ತು ತಿಂಗಳು ನಿಂತೇ ಕೆಲಸ ಮಾಡಿದರು. ನಾನು ಹೋದಾಗಲೆಲ್ಲ "ಆರಾಮ ಅದೀರೇನ್ರಿ ಸರ" ಎಂದು ಕೇಳುತ್ತಿದ್ದರು. ನಾನು ಹೂಂ ಎಂದು ಗೂಡು ಸೇರಿಕೊಳ್ಳುತ್ತಿದ್ದೆ.

ಈ ವರ್ಷ ಹಳೆಯ ಸರ್ವರ್ ಮುಲುಗಲು ಶುರುಮಾಡಿತು. ಒಂದು ಭಾನುವಾರ ಹೊಸದನ್ನು ಜೋಡಿಸಿ, ಹೊಸ ಲಿನಕ್ಸ್ ಹಾಕಿ, ಹಳೆಯದರಲ್ಲಿದ್ದ ಮೂವತ್ತನಾಲ್ಕು ಜನರ ಖಾತೆಗಳನ್ನೂ ಪಾಸ್‌ವರ್ಡ್ ಕಡತವನ್ನೂ ಹಾಗೇ ತಂದು ಹೊಸದರಲ್ಲಿಟ್ಟೆ. ನನಗೊಂದು ಹೊಸ ಖಾತೆ ಮಾಡಿಕೊಂಡು ಒಳಗೆ ಹೋಗಿ ನೋಡಿದೆ. ತೆರೆಯಿತು. ಸಂಜೆಯ ಬಿಸಿಲಿರುವಾಗಲೇ ಹೂಡಿಯ ಮನೆಯಲ್ಲಿದ್ದೆ. ಎಷ್ಟು ಚೆನ್ನಾಗಿ ಮುಗಿಸಿದೆ ಎಂದು ಹೆಂಡತಿಗೆ ಕೊಚ್ಚಿಕೊಂಡೆ ಕೂಡ.

ಸೋಮವಾರ ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಕೂತಾಗ ಫೋನ್ ಬಂತು. ಸ್ಟೋರಿನವರು. "ಸಾರ್, ಲಾಗಿನ್ ಆಗ್ತಿಲ್ಲ." ಕ್ಯಾಪ್ಸ್ ಲಾಕ್ ನೋಡಿ ಎಂದೆ. ಎರಡನೆಯದು ಲೇತ್ ವಿಭಾಗದಿಂದ, ಮೂರನೆಯದು ಡಿಸ್ಪ್ಯಾಚಿನಿಂದ. ಎಲ್ಲರಿಗೂ ಅದೇ ಉತ್ತರ ಕೊಟ್ಟೆ. ನಾಲ್ಕನೆಯದು ಮಾಲೀಕರದು. "ಏನ್ರೀ ಇದು? ನಂಗೂ ಆಗ್ತಿಲ್ಲ. ಗೇಟಲ್ಲಿ ಲಾರಿ ನಿಂತಿದೆ, ಒಪ್ಪಿಗೆ ಇಲ್ದೆ ಒಂದು ಶಾಫ್ಟೂ ಹೊರಗೆ ಹೋಗಲ್ಲ. ಬನ್ರೀ ಮೊದ್ಲು!" ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಓಡಿದೆ. ಮೆಟ್ರೊದಲ್ಲಿ ಕಂಬ ಹಿಡಿದು ನಿಂತು, ಎಲ್ಲರೂ ಸೇರಿ ಒಂದೇ ಸಲ ಪಾಸ್‌ವರ್ಡ್ ಮರೆತರೋ ಹೇಗೆ ಎಂದು ದಾರಿಯುದ್ದಕ್ಕೂ ಅವರನ್ನೇ ಶಪಿಸಿದೆ. ಕುಣಿಯಲಾರದವರಿಗೆ ನೆಲ ಯಾವಾಗಲೂ ಡೊಂಕೇ.

ಹೋಗಿ ನೋಡಿದರೆ ಪ್ರತಿ ಕಂಪ್ಯೂಟರ್ ಮುಂದೆಯೂ ಮೂರು ಮೂರು ಜನ. ಹೊಡೆಯುವುದು, ಬೈಯುವುದು, ಮತ್ತೆ ಹೊಡೆಯುವುದು. ಹೊಸ ಸರ್ವರ್‌ನಲ್ಲಿ ಮೂರು ಸಲ ತಪ್ಪಿದರೆ ಹತ್ತು ನಿಮಿಷ ಖಾತೆ ಮುಚ್ಚಿಹೋಗುವಂತೆ ನಾನೇ ಮಾಡಿದ್ದೆ, ಭದ್ರತೆ ಎಂದು. ಈಗ ಯಾರದು ನಿಜವಾಗಿ ತಪ್ಪುತ್ತಿದೆ, ಯಾರದು ಸುಮ್ಮನೆ ಮುಚ್ಚಿಕೊಂಡಿದೆ ಎಂಬುದೇ ತಿಳಿಯದಾಯಿತು. "ಯಾರೂ ಮುಟ್ಟಬೇಡ್ರಪ್ಪಾ, ಕೈ ಮುಗೀತೀನಿ" ಎಂದು ಕೂಗಿದೆ. ಒಂದು ನಿಮಿಷ ಸುಮ್ಮನಿದ್ದರು. ಮತ್ತೆ ಕೀಲಿಮಣೆ ಟಕಟಕ. ಒಬ್ಬ ಆಪರೇಟರ್ ನನ್ನ ಹತ್ತಿರ ಬಂದು, "ಸಾರ್, ಪೂಜೆ ಮಾಡ್ದೆ ಸ್ಟಾರ್ಟ್ ಮಾಡಿದೀರ, ಅದಕ್ಕೇ" ಎಂದು ಸಲಹೆ ಕೊಟ್ಟ. ಅವನ ತಲೆಗೆ ಮೊಟಕಬೇಕು ಅನ್ನಿಸಿತು.

ಗೂಡಿನಲ್ಲಿ ಕೂತೆ. ಸರ್ವರ್‌ನ ದಿನಚರಿಯಲ್ಲಿ ಸಾಲುಸಾಲಾಗಿ ಒಂದೇ ಮಾತು: ಪಾಸ್‌ವರ್ಡ್ ಹೊಂದುತ್ತಿಲ್ಲ. ಕಡತವನ್ನು ಓದುವ ಅನುಮತಿ ಸರಿಯಿದೆಯೇ ನೋಡಿದೆ, ಸರಿಯಿತ್ತು. ಸಾಲುಗಳನ್ನು ಎಣಿಸಿದೆ, ಒಂದೂ ಬಿಟ್ಟುಹೋಗಿರಲಿಲ್ಲ. ಹಳೆಯದಕ್ಕೂ ಹೊಸದಕ್ಕೂ ಅಕ್ಷರ ಅಕ್ಷರ ತಾಳೆ ನೋಡಿದೆ. ಒಂದು ಚುಕ್ಕೆಯೂ ವ್ಯತ್ಯಾಸವಿಲ್ಲ. ಹತ್ತೂವರೆಯಾಯಿತು. ಮಾಲೀಕರು ಐದು ನಿಮಿಷಕ್ಕೊಮ್ಮೆ ಬಾಗಿಲಿನಲ್ಲಿ ತಲೆ ಹಾಕಿ "ಆಯ್ತಾ?" ಎನ್ನುತ್ತಿದ್ದರು. ಲಾರಿಯ ಡ್ರೈವರ್ ಗೇಟಿನ ಟೀ ಅಂಗಡಿಯಿಂದ ಹಾರ್ನ್ ಹೊಡೆಯುವುದಕ್ಕೆಂದೇ ಎದ್ದೆದ್ದು ಬರುತ್ತಿದ್ದ. ಆ ಹೊತ್ತಿಗೆ ಕರೆಂಟ್ ಹೋಗಿ ಯುಪಿಎಸ್ ಕುಂಯ್‌ಗುಡಲು ಶುರುವಾಯಿತು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ಕೊನೆಗೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಕಡತವನ್ನು ಎಣಿಸುವುದು ಬಿಟ್ಟು ಓದಿದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳುತ್ತೇನೆ. ಸರ್ವರ್ ಯಾರ ಪಾಸ್‌ವರ್ಡನ್ನೂ ಇದ್ದ ಹಾಗೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ಬೀಸಿ, ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ರಾಗಿ ಬೀಸಿದರೆ ಹಿಟ್ಟಾಗುತ್ತದೆ, ಹಿಟ್ಟಿನಿಂದ ಮತ್ತೆ ರಾಗಿ ಮಾಡಲಾಗುವುದಿಲ್ಲ. ನೀವು ಮಾರನೆಯ ದಿನ ಬಂದು ಪಾಸ್‌ವರ್ಡ್ ಹೊಡೆದರೆ ಅದನ್ನೂ ಬೀಸಿ, ಎರಡು ಹಿಟ್ಟು ಒಂದೇ ಇದೆಯೇ ನೋಡುತ್ತದೆ. ಅಷ್ಟೇ ಅಲ್ಲ, ಬೀಸುವಾಗ ಪ್ರತಿಯೊಬ್ಬರದಕ್ಕೂ ಬೇರೆ ಬೇರೆ ಒಂದೆರಡು ಅಕ್ಷರ ಬೆರೆಸುತ್ತದೆ. ಹಾಗಾಗಿ ಇಬ್ಬರ ಪಾಸ್‌ವರ್ಡ್ ಒಂದೇ ಇದ್ದರೂ ಹಿಟ್ಟು ನೋಡಿ ಹೇಳಲಾಗುವುದಿಲ್ಲ.

ನಾನು ಭಾನುವಾರ ಹೊಸದಾಗಿ ಮಾಡಿಕೊಂಡಿದ್ದ ನನ್ನ ಖಾತೆಯ ಹ್ಯಾಶ್ ಪರದೆಯ ಅಗಲಕ್ಕೆ ಉದ್ದವಾಗಿತ್ತು. ಉಳಿದ ಮೂವತ್ತನಾಲ್ಕು ಜನರದು ಮೋಟು, ಹದಿಮೂರೇ ಅಕ್ಷರ. ಅದು ಬಹಳ ಹಳೆಯ ಕಾಲದ ಬೀಸುವ ಕ್ರಮ. ಹೊಸ ಲಿನಕ್ಸ್ ಅದನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೇ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನನ್ನದು ಮಾತ್ರ ಹೊಸ ಹಿಟ್ಟು, ಆದ್ದರಿಂದ ಅದು ತೆರೆಯಿತು. ಭಾನುವಾರ ನಾನು ನೋಡಿದ್ದು ಆ ಒಂದನ್ನೇ.

ಇಷ್ಟು ಹಳೆಯ ಕ್ರಮವನ್ನು ಈ ಸರ್ವರ್‌ಗೆ ಯಾವ ಮಹಾನುಭಾವ ಇಟ್ಟ ಎಂದು ಸಿಟ್ಟಿನಿಂದ ಹಳೆಯ ಸೆಟ್ಟಿಂಗ್ ತೆಗೆದೆ. ಅದರ ಪಕ್ಕದಲ್ಲಿ ನನ್ನದೇ ಟಿಪ್ಪಣಿ ಇತ್ತು. ಹದಿಮೂರು ವರ್ಷದ ಹಿಂದೆ ಗಡಸುತನ ಪರೀಕ್ಷಿಸುವ ಯಂತ್ರದ ಜೊತೆ ಒಂದು ಮುದಿ ಕಂಪ್ಯೂಟರ್ ಇತ್ತು. ಸರ್ವರ್‌ನ ಖಾತೆಗಳನ್ನೇ ಅದೂ ಬಳಸಬೇಕಿತ್ತು, ಆದರೆ ಅದಕ್ಕೆ ಹೊಸ ಕ್ರಮ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ನಾನೇ ಹಳೆಯ ಕ್ರಮಕ್ಕೆ ಇಳಿಸಿ, 'ಸದ್ಯಕ್ಕೆ' ಎಂದು ಬರೆದಿದ್ದೆ. ಆ ಮುದಿ ಕಂಪ್ಯೂಟರ್ ಗುಜರಿಗೆ ಹೋಗಿ ಯಾವ ಕಾಲವಾಯಿತೋ. ನನ್ನ ಸದ್ಯ ಮಾತ್ರ ಮುಗಿದಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಗೊಣಗಿಕೊಂಡು, ಎಲ್ಲರಿಂದಲೂ ಹೊಸ ಪಾಸ್‌ವರ್ಡ್ ಹಾಕಿಸಿದರಾಯಿತು ಎಂದು ಎದ್ದೆ. ಏಳುವ ಮುಂಚೆ, ಆ ಹಳೆಯ ಕ್ರಮದ ಕೈಪಿಡಿಯನ್ನು ಒಂದು ಸಲ ತೆರೆದು ನೋಡಿದೆ. ಇನ್ನೇನಾದರೂ ಹುಳುಕು ಇದ್ದೀತೆಂಬ ಅನುಮಾನ.

ಈ ಕ್ರಮ ಪಾಸ್‌ವರ್ಡಿನ ಮೊದಲ ಎಂಟು ಅಕ್ಷರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂದಿತ್ತು. ಆಮೇಲಿನದನ್ನು ನೋಡುವುದೇ ಇಲ್ಲ. ಇದು ನನಗೆ ಗೊತ್ತಿರದ ವಿಷಯವಲ್ಲ. ಈ ಕಸುಬಿಗೆ ಬಂದ ಹೊಸದರಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹಾಗೇ ಕೂತು, ಚಾಮುಂಡಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ಎಷ್ಟು ಅಕ್ಷರವಾಗುತ್ತದೆಂದು ಬೆರಳು ಮಡಿಸಿ ಎಣಿಸಿದೆ.

ಎಂಟು. ಮತ್ತೊಮ್ಮೆ ಎಣಿಸಿದೆ. ಎಂಟೇ.

ಅಷ್ಟರಲ್ಲಿ ಕರೆಂಟ್ ಬಂದಿತ್ತು, ಆರಿಸಿಟ್ಟಿದ್ದ ಹಳೆಯ ಸರ್ವರನ್ನು ಮತ್ತೆ ಚಾಲೂ ಮಾಡಿದೆ. ಅದು ಎಚ್ಚರವಾಗುವ ತನಕದ ಐದು ನಿಮಿಷದಲ್ಲಿ, ಹಾಗಾಗಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಸ್ಟೋರಿನವರ ಹೆಸರು ಹಾಕಿ, ಚಾಮುಂಡಿ ಎಂದು ಹೊಡೆದು, ಆಮೇಲೆ ಕೀಲಿಮಣೆಯ ಮೇಲೆ ಸುಮ್ಮನೆ ಬೆರಳೆಳೆದೆ. ತೆರೆಯಿತು. ಡಿಸ್ಪ್ಯಾಚಿನವರದು ತೆರೆಯಿತು. ಮಾಲೀಕರದು ತೆರೆಯಿತು. ಕೊನೆಗೆ ಕ್ಯೂಸಿ ಅಕ್ಕನ ಹೆಸರು ಹೊಡೆದೆ. ಅದೂ ತೆರೆಯಿತು. ಹದಿಮೂರು ಆಯುಧಪೂಜೆ ಸಾಲುಗಟ್ಟಿ ನಿಂತು ಜನ ಬದಲಿಸಿದ್ದು ಯಾವುದನ್ನೂ ಸರ್ವರ್ ಕೇಳಿಸಿಕೊಂಡೇ ಇರಲಿಲ್ಲ. ಇಡೀ ಕಾರ್ಖಾನೆಗೆ ಒಂದೇ ಪಾಸ್‌ವರ್ಡ್, ಅದನ್ನು ಎಲ್ಲರನ್ನೂ ನಿಲ್ಲಿಸಿ ಬಾಯಿ ತುಂಬ ಸಾರಿ ಹೇಳಿದವನು ನಾನು. ಕ್ಯೂಸಿ ಅಕ್ಕನ ಹೆಸರಿನಲ್ಲಿ ಯಾರು ಬೇಕಾದರೂ ಒಪ್ಪಿಗೆ ಕೊಡಬಹುದಿತ್ತು. ಸಾಧ್ಯವೇ ಇಲ್ಲ ಎಂದು ಸಹಿ ಹಾಕಿ ಬರೆದುಕೊಟ್ಟವನೂ ನಾನು.

ನಾಚಿಕೆಯಾಯಿತು. ಅದಕ್ಕಿಂತ ಮೊದಲು ಹೆದರಿಕೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ. ಆ ಗೂಡಿನಲ್ಲಿ ಕೂತು ನಾನು ಯೋಚಿಸಿದ್ದು ಹೀಗೆ: ಎಲ್ಲರಿಗೂ ಹೊಸ ಪಾಸ್‌ವರ್ಡ್ ಹಾಕಿಸಿದರೆ ಮಧ್ಯಾಹ್ನಕ್ಕೆ ಎಲ್ಲ ಸರಿಹೋಗುತ್ತದೆ. ಹಳೆಯ ಡಿಸ್ಕನ್ನು ಅಳಿಸಿಬಿಟ್ಟರೆ ಇದು ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಮೊದಲ ಭಾಗವನ್ನು ಮಾಡಿಯೂ ಬಿಟ್ಟೆ. ಎರಡು ಗಂಟೆಯೊಳಗೆ ಮೂವತ್ತಮೂರು ಜನ ಸಾಲಿನಲ್ಲಿ ಬಂದು ಹೊಸ ಪಾಸ್‌ವರ್ಡ್ ಹಾಕಿ ಹೋದರು. ಲಾರಿ ಹೊರಟಿತು. ಮಾಲೀಕರು ಬೆನ್ನು ತಟ್ಟಿ, "ಊಟ ಮಾಡ್ಕೊಂಡು ಹೋಗ್ರೀ" ಎಂದರು. ಒಪ್ಪಿಗೆಯ ಅಧಿಕಾರವಿಲ್ಲದ, ಲಾಗಿನ್ ಅಗತ್ಯವೇ ಬೀಳದ ಒಬ್ಬರು ಮಾತ್ರ ಸಾಲಿಗೆ ಬಂದಿರಲಿಲ್ಲ. ಕಿಟಕಿಯಿಂದ ನೋಡಿದರೆ ಅವರು ಪ್ಯಾಕಿಂಗ್ ಮೇಜಿನ ಮುಂದೆ ನಿಂತು ಶಾಫ್ಟಿಗೆ ಎಣ್ಣೆ ಕಾಗದ ಸುತ್ತುತ್ತಿದ್ದರು. ಸುತ್ತುವ ಮೊದಲು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. ಯಾರೂ ಅವರಿಗೆ ಆ ಕೆಲಸ ಹೇಳಿರಲಿಲ್ಲ. ನನಗೆ ಊಟ ಸೇರಲಿಲ್ಲ.

ಮಾಲೀಕರನ್ನು ಗೂಡಿಗೆ ಕರೆದು ಬಾಗಿಲು ಹಾಕಿದೆ. "ಸಾರ್, ಹಳೇ ಸರ್ವರ್‌ನಲ್ಲಿ ಕ್ಯೂಸಿ ಅಕ್ಕನ ಹೆಸ್ರು ಹಾಕಿ. ಚಾಮುಂಡಿ ಅಂತ ಹೊಡೀರಿ. ಆಮೇಲೆ ನಿಮಗೆ ಏನ್ ತೋಚತ್ತೋ ಅದನ್ನ ಹೊಡೀರಿ." ಅವರು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಹೊಡೆದರು. ತೆರೆದಾಗ ಅವರಿಗೆ ಅರ್ಥವಾಗಲಿಲ್ಲ. ಅವರದೇ ಹೆಸರಿನಲ್ಲಿ ನಾನು ಹೊಡೆದು ತೋರಿಸಿದಾಗ ಅರ್ಥವಾಯಿತು.

"ಇದನ್ನ ಹೊರಗೆ ಎಲ್ಲೂ ಆಡ್ಬೇಡಿ" ಎಂದರು. "ಗಿರಾಕಿಗಳ ಕಡೆಯೋರು ಬಂದು ಎಲ್ಲ ಚೆಕ್ ಮಾಡ್ತಾರೆ. ಮಾನ ಹೋಗತ್ತೆ."

"ಕ್ಯೂಸಿ ಅಕ್ಕನ ವಿಷ್ಯ?"

"ಹತ್ತು ತಿಂಗಳಾಯ್ತಲ್ರೀ. ಆಯಮ್ಮ ಪ್ಯಾಕಿಂಗ್‌ನಲ್ಲಿ ಅಡ್ಜಸ್ಟ್ ಆಗ್ಬಿಟ್ಟಿದಾರೆ. ಈಗ್ಯಾಕೆ ಕೆದಕ್ತೀರ?"

ನನ್ನ ಸಿಟ್ಟು ಜೀವಮಾನದಲ್ಲಿ ಹೆಚ್ಚಾಗಿ ತಪ್ಪು ಜಾಗದಲ್ಲೇ ಖರ್ಚಾಗಿದೆ. ಅವತ್ತು ಒಂದು ಸಲ ಸರಿಯಾದ ಜಾಗದಲ್ಲಿ ಬಂತು. "ಅವ್ರು ಅಡ್ಜಸ್ಟ್ ಆಗಿಲ್ಲ ಸಾರ್. ನಾನ್ ಬರ್ದಿರೋ ಸುಳ್ಳು ಕಾಗದದಿಂದ ಅಲ್ಲಿ ನಿಂತಿದಾರೆ. ನೀವು ಹೇಳದೇ ಇದ್ರೆ ನಾನೇ ಹೋಗಿ ಬೋರ್ಡಿಗೆ ಹಚ್ತೀನಿ. ಆಮೇಲೆ ನನ್ನನ್ನ ಇಟ್ಕೊಳ್ತೀರೋ ಬಿಡ್ತೀರೋ ನಿಮ್ಮಿಷ್ಟ." ದನಿ ಎಷ್ಟು ಏರಿತ್ತೆಂದರೆ ಆಚೆ ಸ್ಟೋರಿನವರು ಕೆಲಸ ನಿಲ್ಲಿಸಿದ್ದು ನನಗೇ ಗೊತ್ತಾಯಿತು. ಮಾಲೀಕರು ಸರ್ವರ್ ಮೇಲಿದ್ದ ದೇವಿಯ ಪಟವನ್ನು ನೋಡಿದರು, ನನ್ನನ್ನು ನೋಡಿದರು. "ಕಾಗದ ಬರೀರಿ" ಎಂದರು. "ನಾಳೆಯಿಂದ ಅವ್ರು ಅವ್ರ ಜಾಗದಲ್ಲೇ ಕೂರ್ಲಿ."

ಬರೆದೆ. ಹಿಂದಿನ ಕಾಗದದಲ್ಲಿ ನಾನು ಹೇಳಿದ್ದು ತಪ್ಪು, ಕಾರ್ಖಾನೆಯ ಯಾರು ಬೇಕಾದರೂ ಆ ಒಪ್ಪಿಗೆ ಕೊಡಬಹುದಿತ್ತು, ಇದಕ್ಕೆ ಕಾರಣ ನಾನು ಮಾಡಿದ ಸೆಟ್ಟಿಂಗ್. ಮೂರೇ ಸಾಲು. ಅದನ್ನು ಹಿಡಿದುಕೊಂಡು ಪ್ಯಾಕಿಂಗ್ ಮೇಜಿನ ಹತ್ತಿರ ಹೋದೆ.

ಕ್ಯೂಸಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಕೈ ಮಾತ್ರ ಕಾಗದ ಸುತ್ತುತ್ತಲೇ ಇತ್ತು.

"ಯಾರ್ ಮಾಡ್ಯಾರಂತ ಗೊತ್ತಾತೇನ್ರಿ?"

"ಇಲ್ಲ. ಅದು ಇನ್ನು ಗೊತ್ತಾಗೋ ಹಾಗೂ ಇಲ್ಲ."

"ಹಂಗಾರ ನಾ ಅಲ್ಲ ಅಂತ ಗೊತ್ತಾತೋ, ನಾನೂ ಇರಬಹುದು ಅಂತ ಗೊತ್ತಾತೋ?"

ಮೂರು ಸಾಲಿನ ಕಾಗದವನ್ನು ಮತ್ತೆ ಓದಿಕೊಂಡೆ. ಅವರು ಹೇಳಿದ್ದು ಸರಿ, ಯಾರು ಬೇಕಾದರೂ ಎನ್ನುವುದರಲ್ಲಿ ಅವರೂ ಸೇರಿದ್ದರು. "ನೀವೇ ಅಂತ ಹೇಳೋಕೆ ನನ್ನ ಹತ್ರ ಯಾವತ್ತೂ ಆಧಾರ ಇರ್ಲಿಲ್ಲ, ಆದ್ರೂ ಹೇಳ್ದೆ. ಅದು ಗೊತ್ತಾಯ್ತು" ಎಂದೆ. ಅಲ್ಲೇ ನಿಂತು ಆ ಮಾತನ್ನೂ ಕಾಗದಕ್ಕೆ ಸೇರಿಸಿದೆ. ಓದಿ ನೋಡಿ, ಇದು ಆಗಬಹುದು ಎನ್ನುವಂತೆ ತಲೆಯಾಡಿಸಿದರು.

"ನಾ ನಿಮಗ ಆಗs ಬರದು ಇಟ್ಟಿದ್ನೆಲ್ರಿ ಸರ" ಎಂದರು. "ಸರ್ವರ್ ಬಂದ ಎರಡನೇ ವರ್ಷ, ಆಯುಧಪೂಜಿ ಮರುದಿನ. ನಿಮ್ಮ ಪುಸ್ತಕದಾಗ ಐತಿ, ನೋಡ್ರಿ."

ಏನು ಬರೆದಿದ್ದರೋ ನನಗೆ ನೆನಪಿರಲಿಲ್ಲ. ಬಾಗಿಲಿಗೆ ಕಟ್ಟಿದ್ದ ಪುಸ್ತಕವನ್ನು ಹಿಂದಕ್ಕೆ ಮಗುಚುತ್ತಾ ಹೋದೆ. ಎಣ್ಣೆಯ ಬೆರಳಚ್ಚು ಬಿದ್ದು ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಸಿಕ್ಕಿತು. ಅವರ ದುಂಡು ಅಕ್ಷರ: ಪಾಸ್‌ವರ್ಡಿನ ಕೊನೆಗೆ ತಪ್ಪು ಹೊಡೆದರೂ ಒಳಗೆ ಬಿಡುತ್ತಿದೆ. ಬೇಕೆಂದೇ ಮೂರು ಸಲ ತಪ್ಪು ಹೊಡೆದು ನೋಡಿದ್ದೇನೆ. ದಯವಿಟ್ಟು ಪರೀಕ್ಷಿಸಿ. ಅದರೆದುರಿಗೆ ನನ್ನ ಕೆಂಪು ಶಾಯಿ: ಒಳಗೆ ಬಿಡುತ್ತಿದೆಯಲ್ಲ, ಬಿಡದಿದ್ದಾಗ ಬರೆಯಿರಿ. ಬಳಕೆದಾರರ ತಪ್ಪು.

ಪುಸ್ತಕದಿಂದ ತಲೆಯೆತ್ತಿದೆ. ಕ್ಯೂಸಿ ಅಕ್ಕ ಕೈ ಒರೆಸಿಕೊಂಡು ಗೂಡಿನ ಬಾಗಿಲಿಗೆ ಬಂದಿದ್ದರು. "ಇರಲಿ ಬಿಡ್ರಿ, ನಂದೊಂದು ಪಾಸ್‌ವರ್ಡ್ ಮಾಡಿಕೊಡ್ರಿ" ಎಂದರು. ಹೊಸ ಸರ್ವರ್‌ನಲ್ಲಿ ಅವರ ಖಾತೆ ತೆರೆದು, ಕಿತ್ತುಕೊಂಡಿದ್ದ ಅಧಿಕಾರವನ್ನು ಮರಳಿಸಿ, ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಮುಖ ಮಾಡಿ ನಿಂತೆ. ಅವರು ನಿಧಾನವಾಗಿ ಒಂದೊಂದೇ ಕೀಲಿ ಒತ್ತುವ ಸದ್ದು ಕೇಳುತ್ತಿತ್ತು. ಹಾಕಿದ್ದಾಯಿತು, ಈಗ ಒಳಗೆ ಹೋಗಿ ನೋಡಿ ಎಂದೆ. ಮತ್ತೆ ಅದೇ ಸದ್ದು. ಆಮೇಲೆ, ತಪ್ಪಾದಾಗ ಯಂತ್ರ ಮಾಡುವ ಆ ಮೊಂಡು ಸದ್ದು. ಬೆಳಿಗ್ಗೆಯಿಂದ ಅದನ್ನೇ ಕೇಳಿ ಬೇಸತ್ತಿದ್ದ ನಾನು ಬೆಚ್ಚಿ ತಿರುಗಿದೆ.

"ಯಾಕೆ, ಆಗ್ಲಿಲ್ವಾ?"

"ತಡೀರಿ. ಬೇಕಂತನs ಕಡೀ ಅಕ್ಷರ ಬಿಟ್ಟೀನಿ."

ಇನ್ನೊಮ್ಮೆ ಹೊಡೆದರು, ಈ ಸಲ ಕೊನೆಯ ಅಕ್ಷರದ ಬದಲು ಬೇರೊಂದು. ಯಂತ್ರ ಬಿಡಲಿಲ್ಲ. ಅವರ ಮುಖದಲ್ಲಿ, ನೋ-ಗೋ ಬದಿ ಶಾಫ್ಟಿನ ಮೇಲೆ ತಡೆದು ನಿಂತಾಗ ಇರುತ್ತಿದ್ದ ನೆಮ್ಮದಿಯೇ ಇತ್ತು. ಮೂರನೆಯ ಸಲ ಸರಿಯಾಗಿ ಹೊಡೆದರು. ತೆರೆಯಿತು. ಪರದೆಯ ಮೇಲೆ ತಮ್ಮ ಹೆಸರನ್ನು ಒಂದು ಗಳಿಗೆ ನೋಡಿ, ಮುಚ್ಚಿ, ಎದ್ದರು. ಪ್ಯಾಕಿಂಗಿನಲ್ಲಿ ಇನ್ನೂ ಅರ್ಧ ಪೆಟ್ಟಿಗೆ ಬಾಕಿ ಇತ್ತು.

ಬಾಗಿಲಲ್ಲಿ ನಿಂತು, ಕೋಪವಿಲ್ಲದ ದನಿಯಲ್ಲಿ, "ಸರ್ವರ್ ಹಾಕಿದ ದಿನಾನs ನೀವು ಇಷ್ಟು ಮಾಡಿದ್ರ ಸಾಕಿತ್ತಲ್ರಿ ಸರ" ಎಂದರು.

ಅರ್ಧ ನಿಮಿಷದ ಕೆಲಸ. ಹದಿಮೂರು ವರ್ಷದಲ್ಲಿ ನಾನು ಒಂದು ಸಲವೂ ಮಾಡಿರಲಿಲ್ಲ.